ಮನೆಯಲ್ಲಿ ದನ ಇದೆಯಾ?

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಲಗೇಜ್ ಆಟೋ ಓಡಿಸುತ್ತೇನೆ. ಶೇಂಗಾ ಚೀಲ, ಈರುಳ್ಳಿ ಚೀಲ, ಮಿಲ್ಲಿನ ಹಿಂಡಿ, ಮದುವೆ ಮನೆಯ ಪಾತ್ರೆ, ಏನಾದರೂ ಸರಿ, ಗಾಡಿ ಉರುಳುತ್ತಿರಬೇಕು. ಊಟಕ್ಕೆ ಕೂತಾಗಲೂ ನನ್ನ ಒಂದು ಕಾಲು ಹೊಸ್ತಿಲಾಚೆ ಇರುತ್ತದೆ ಎಂದು ಹೆಂಡತಿ ಮಾರಕ್ಕ ಆಡಿಕೊಳ್ಳುತ್ತಾಳೆ. ಅಂಥವನನ್ನು ಒಂದು ಜ್ವರ ಹಿಡಿದು ಮಂಚಕ್ಕೆ ಕಟ್ಟಿಹಾಕಿತು. ನಾನು ಬರೆಯುವವನಲ್ಲ, ದಿನಾ ಪೇಪರು ಓದುವವನು ಅಷ್ಟೆ. ಆದರೂ ಏನೆಂದು ಗೊತ್ತಾಗದ ಜ್ವರ ಇಟ್ಟುಕೊಂಡು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಕುಣಿಸುತ್ತಾ ಕೂತವರಿಗೆ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ.

ಜ್ವರ ಬರುತ್ತಿದ್ದದ್ದು ಸಂಜೆಗೆ. ಬೆಳಿಗ್ಗೆ ಮೈ ಹಗುರವಾಗಿರುತ್ತಿತ್ತು, ಗಾಡಿ ತೆಗೆದು ಹೊರಡುತ್ತಿದ್ದೆ. ಹರಾಜು ಮುಗಿದು ಹಮಾಲರು ಚಹಾಕ್ಕೆ ಹೊರಡುವ ಹೊತ್ತಿಗೆ ಬೆನ್ನು ಹಿಡಿದುಕೊಂಡು ಚಳಿ ಶುರುವಾಗುತ್ತಿತ್ತು. ಅದರ ಹಿಂದೆಯೇ ಬೆವರು. ಅಂಗಿ ಹಿಂಡಿದರೆ ನೀರು ಇಳಿಯುವಷ್ಟು. "ಏನ್ರಿ ಇದು, ನಿಮ್ಮಂಗಿ ನೆನೆದ ಹುಲ್ಲಿನಂಗೆ ನಾತ ಹೊಡೀತೈತೆ," ಎಂದು ಮಾರಕ್ಕ ಮೂಗು ಮುಚ್ಚಿಕೊಂಡು ಬಕೆಟ್ಟಿಗೆ ಎಸೆಯುತ್ತಿದ್ದಳು.

ನಮ್ಮೂರಿನ ಡಾಕ್ಟರೊಬ್ಬರು ಟೈಫಾಯಿಡ್ ಎಂದು ಸೂಜಿ ಚುಚ್ಚಿದರು. ಜ್ವರ ಹೋಯಿತು, ಮತ್ತೆ ಬಂತು. ಮತ್ತೆ ಚುಚ್ಚಿದರು, ಮತ್ತೆ ಹೋಗಿ ಮತ್ತೆ ಬಂತು. ಮಾರುಕಟ್ಟೆಯಲ್ಲಿ ಎಲ್ಲರೂ ಡಾಕ್ಟರಾದರು. ಒಬ್ಬ ಬಿಸಿಲೆಂದ, ಒಬ್ಬ ದೃಷ್ಟಿಯೆಂದ, ಇನ್ನೊಬ್ಬ ನನ್ನ ಪ್ಯಾಂಟು ಜಾರುವುದನ್ನು ನೋಡಿ ಸಕ್ಕರೆ ಕಾಯಿಲೆಯೇ ಎಂದು ಆಣೆ ಮಾಡಿದ. ಒಂದು ದಿನ ಈರುಳ್ಳಿ ಚೀಲಕ್ಕೆ ಭುಜ ಕೊಟ್ಟವನು ಎರಡು ಹೆಜ್ಜೆ ಇಡಲಾರದೆ ಚೀಲದ ಮೇಲೇ ಕುಸಿದು ಕೂತೆ. ಉಸಿರು ಗಂಟಲಲ್ಲೇ ನಿಂತಿತ್ತು. ಮಾರಕ್ಕ ಅವತ್ತೇ ದಾವಣಗೆರೆಗೆ ಹೊರಡಿಸಿದಳು.

ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ನನ್ನನ್ನು ನೋಡುತ್ತಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎದೆಯ ಮೇಲೆ ತಣ್ಣನೆಯದೇನೋ ಸವರಿ ಒಂದು ಯಂತ್ರ ಆಡಿಸಿ, ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಸುತ್ತಿ ಬಳಸದೆ ಹೇಳಿದರು.

"ನಿಮ್ಮ ಹೃದಯದ ಒಂದು ಕವಾಟಕ್ಕೆ ರೋಗಾಣು ಹತ್ತಿದೆ. ಗಂಟು ಕಟ್ಟಿಕೊಂಡು ಕೂತಿದೆ. ಅದು ಯಾವ ರೋಗಾಣು ಅಂತ ಗೊತ್ತಾಗಬೇಕು. ಎಲ್ಲಾದಕ್ಕೂ ಒಂದೇ ಔಷಧ ಆಗಲ್ಲ. ತಡವಾದಷ್ಟೂ ಕವಾಟ ಹಾಳಾಗುತ್ತೆ."

"ಹಾಳಾದ್ರೆ?" ಎಂದಳು ಮಾರಕ್ಕ.

"ಹಾಳಾಗೋದರೊಳಗೆ ಹಿಡಿಯೋಣ," ಎಂದರು ಡಾಕ್ಟರಮ್ಮ. ಆ ಉತ್ತರ ನಮಗಿಬ್ಬರಿಗೂ ಸಾಕಷ್ಟು ಅರ್ಥವಾಯಿತು.

ಎರಡೂ ತೋಳಿನಿಂದ ರಕ್ತ ತೆಗೆದು ಬಾಟಲಿಗಳಿಗೆ ತುಂಬಿಕೊಂಡು ಹೋದರು. ಅದರಲ್ಲಿ ರೋಗಾಣು ಬೆಳೆಯುವವರೆಗೆ ಕಾಯಬೇಕು, ಬೆಳೆದರೆ ಹೆಸರು ಹೇಳಬಹುದು. ಬಿತ್ತಿದವನು ಮೊಳಕೆ ನೋಡಲು ದಿನಾ ಹೊಲಕ್ಕೆ ಹೋದ ಹಾಗೆ ನಾನು ದಿನಾ ಕೇಳುತ್ತಿದ್ದೆ, ಏನಾದರೂ ಬೆಳೆಯಿತಾ ಮೇಡಂ ಎಂದು. ಬೆಳೆದಿರಲಿಲ್ಲ. ಈ ಮೊದಲು ಚುಚ್ಚಿಸಿಕೊಂಡ ಸೂಜಿಗಳಿಂದ ಅದು ಸತ್ತಿರಲಾರದು, ಆದರೆ ಮಂಕಾಗಿ ಅಡಗಿರಬಹುದು ಎಂದರು. ಸದ್ಯಕ್ಕೆ ಅಂದಾಜಿನ ಮೇಲೆ ಔಷಧ ಏರಿಸುತ್ತಿದ್ದರು. ಅದು ಏರುತ್ತಿತ್ತು, ಸಂಜೆಯ ಜ್ವರವೂ ಏರುತ್ತಿತ್ತು.

ಆಗ ಶುರುವಾದವು ಪ್ರಶ್ನೆಗಳು.

"ಮನೆಯಲ್ಲಿ ದನ ಇದೆಯಾ?"

"ಇಲ್ಲ ಮೇಡಂ."

"ಕುರಿ? ಮೇಕೆ?"

"ಇಲ್ಲ."

"ಕೋಳಿ?"

ಮಾರಕ್ಕನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ನಮ್ಮ ಕುಲದಲ್ಲಿ ಕೋಳಿ ಸಾಕುವುದೂ ಇಲ್ಲ, ತಿನ್ನುವುದೂ ಇಲ್ಲ. "ಕೋಳಿ ಹೊಸ್ತಿಲು ದಾಟಿದ್ರೆ ಮನೆಯೆಲ್ಲಾ ತೊಳೀತೀವಿ ಮೇಡಂ," ಎಂದಳು.

"ಹಸಿ ಹಾಲು ಕುಡಿಯೋ ಅಭ್ಯಾಸ?"

"ಪ್ಯಾಕೆಟ್ ಹಾಲು. ಟೀ ಮಾಡೋದು ಬಿಟ್ರೆ ಅದಕ್ಕೆ ಬೇರೆ ಕೆಲಸ ಇಲ್ಲ."

ಹಲ್ಲು ಕೀಳಿಸಿದ್ದಾ, ಬೆಕ್ಕು ಪರಚಿದ್ದಾ, ಬೇರೆ ದೇಶಕ್ಕೆ ಹೋಗಿದ್ದಾ, ಎಲ್ಲಕ್ಕೂ ಇಲ್ಲ. ಒಂದೂ ಸುಳ್ಳಲ್ಲ. ನಮ್ಮದು ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆ. ಆಟೋ ನಿಲ್ಲಿಸುವುದಕ್ಕೇ ಪಕ್ಕದ ಮನೆಯವರ ಜೊತೆ ಜಗಳ. ಅಲ್ಲಿ ದನ ಎಲ್ಲಿ ಕಟ್ಟುವುದು? ಡಾಕ್ಟರಮ್ಮ ಮರುದಿನ ಬಂದು ಅದೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳಿದರು. ನಾನು ಅದೇ ಉತ್ತರ ಕೊಟ್ಟೆ. ಮೂರನೇ ಸಲ ಕೇಳಿದಾಗ ನನಗೆ ರೇಗಿತು. ದನ ದನ ಎಂದು ಯಾಕೆ ಹಿಂದೆ ಬಿದ್ದಿದ್ದೀರಿ, ಗೊತ್ತಾಗದಿದ್ದರೆ ಗೊತ್ತಾಗುವುದಿಲ್ಲ ಎನ್ನಿ, ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಅದರಿಂದ ನನಗೆ ಇನ್ನೂ ರೇಗಿತು.

ವಾರ್ಡಿನಲ್ಲಿ ನನ್ನದು ಕಿಟಕಿ ಪಕ್ಕದ ಮಂಚ. ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ನನ್ನಂಥವನಿಗೆ ಅಂಥ ಮಂಚ ಕೊಡಬಾರದು. ಕೈಗೆ ನಳಿಗೆ ಚುಚ್ಚಿಸಿಕೊಂಡು, ಹೋಗುವ ಗಾಡಿ ಬರುವ ಗಾಡಿ ನೋಡುತ್ತಾ, ಯಾವನು ಗೇರು ತಪ್ಪು ಹಾಕಿದ ಎಂದು ಬೈಯುತ್ತಾ ಮಲಗಿದ್ದೆ. ಎದ್ದು ಓಡಾಡಬೇಡಿ ಎಂದರೂ ಗೋಡೆ ಹಿಡಿದು ವರಾಂಡದ ಕೊನೆಯವರೆಗೆ ಹೋಗಿ ಬರುತ್ತಿದ್ದೆ. ಮಾರಕ್ಕ ಬೈದು ಎಳೆದು ತರುತ್ತಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಬೈಗುಳವೇ ನನಗೆ ಗಡಿಯಾರ. ಅದು ನಡೆಯುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ.

ಒಂದು ಬೆಳಿಗ್ಗೆ ನಾನು ಗಂಜಿ ಮುಟ್ಟಲಿಲ್ಲ. ಅವಳು ಬೈಯಲಿಲ್ಲ. ಲೋಟ ತೊಳೆದಿಟ್ಟು, ನನ್ನ ಕಾಲಿನ ಮೇಲೆ ಹೊದಿಕೆ ಸರಿಮಾಡಿ, ಸುಮ್ಮನೆ ಹೊರಗೆ ಹೋದಳು. ನನಗೆ ಹೆದರಿಕೆಯಾಯಿತು. ಡಾಕ್ಟರು ನನಗೆ ಹೇಳದ್ದನ್ನು ಅವಳಿಗೆ ಹೇಳಿದ್ದಾರೆ ಎಂದುಕೊಂಡೆ. ಸಾಯುವುದೇ ಆದರೆ ಈ ಕಿಟಕಿಯ ಪಕ್ಕ ಬೇಡ ಅನ್ನಿಸಿತು. ನರ್ಸು ನಳಿಗೆಯ ಬಾಟಲಿ ಬಿಚ್ಚಿಟ್ಟು ಆಚೆ ಹೋದದ್ದೇ ತಡ, ಕೈಯ ಸೂಜಿಯ ಮೇಲೆ ತುಂಬುತೋಳಿನ ಅಂಗಿ ಏರಿಸಿ, ಮೆಟ್ಟಿಲಿಳಿದು, ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದೆ.

ಚಳ್ಳಕೆರೆಯಿಂದ ಬಂದ ಪ್ರೈವೇಟ್ ಬಸ್ಸೊಂದು ಆಗಷ್ಟೇ ಒಳಗೆ ಬಂತು. ಅದೇ ತಿರುಗಿ ಹೋಗುವ ಬಸ್ಸು. ಸೀಟು ಹಿಡಿಯುವ ಆತುರದಲ್ಲಿ, ಇಳಿಯುವವರನ್ನು ತಳ್ಳಿಕೊಂಡು ಬಾಗಿಲಿಗೆ ಕೈ ಹಾಕಿದೆ. ಮೇಲಿನಿಂದ ಒಂದು ಕೈ ನನ್ನ ಮಣಿಕಟ್ಟು ಹಿಡಿಯಿತು. ಹೆಗಲ ಮೇಲೆ ಕಂಬಳಿ, ಬಟ್ಟೆಯಲ್ಲಿ ಕಟ್ಟಿದ ಮುದ್ದೆ. ನನ್ನಣ್ಣ ಪಾಲಯ್ಯ.

"ಏಮಿರಾ ಇದಿ? ಎಕ್ಕಡಿಕಿ ಪೋತಾವು?" ಎಂದ. ಸಿಟ್ಟು ಬಂದರೆ ನಾವಿಬ್ಬರೂ ತೆಲುಗಿಗೆ ಹೊರಳುತ್ತೇವೆ, ಮೊಳಕಾಲ್ಮೂರು ಸೀಮೆಯಲ್ಲಿ ಹುಟ್ಟಿದವರ ಪಾಡು ಅದು. ಆಮೇಲೆ ಕನ್ನಡಕ್ಕೆ ಬಂದ. "ಎಲ್ಲಿಗಲೇ ಹೊಂಟಿದ್ದೀಯಾ, ಕೈಯಾಗೆ ಸೂಜಿ ಇಟ್ಕಂಡು?"

"ಊರಿಗಣ್ಣ. ಜೀವ ಹೋಗಂಗಿದ್ರೆ ಊರಾಗೇ ಹೋಗ್ಲಿ. ಇಲ್ಲಿ ಬಾಟ್ಲಿ ಕಾಯ್ಕಂಡು ಕುಂದ್ರಾಕೆ ನನ್ ಕೈಲಿ ಆಗಾಕಿಲ್ಲ."

"ನಿನ್ನ ನೋಡಾಕೆ ಅಂತ ನಾನು ರೊಪ್ಪ ಬಿಟ್ಟು ಬಂದೀನಿ. ಎಷ್ಟು ವರ್ಷಕ್ಕೆ ಬಿಟ್ಟೀನಿ ಗೊತ್ತೇನಲೇ? ನೀನು ಮಂಚ ಬಿಟ್ಟು ಓಡಿ ಬಂದಿಯಾ? ನಡಿ."

ಪಾಲಯ್ಯ ಯಾರೆಂದು ಹೇಳಬೇಕು. ಮೊಳಕಾಲ್ಮೂರಿನ ಹತ್ತಿರ ನಮ್ಮ ಹಟ್ಟಿ. ಅಲ್ಲಿ ನಮ್ಮ ದೇವರಿಗೆ ಬಿಟ್ಟ ದನಗಳ ಮಂದೆಯಿದೆ. ಅದರಲ್ಲಿ ಹೋರಿ, ಹಸು, ಕರು ಎಲ್ಲ ಇದ್ದರೂ ನಾವು ಕರೆಯುವುದು ದೇವರ ಎತ್ತು ಎಂದೇ. ಅವಕ್ಕೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಅವುಗಳ ಹಾಲನ್ನು ಮನೆಗೆ ತರುವುದಿಲ್ಲ. ಅವುಗಳ ಮುಳ್ಳುಬೇಲಿಯ ದೊಡ್ಡಿಯೇ ರೊಪ್ಪ. ಕಾಯುವವನು ಕಿಲಾರಿ. ನಮ್ಮಪ್ಪನ ನಂತರ ಆ ಕೋಲು ಅಣ್ಣನ ಕೈಗೆ ಬಂತು, ನಾನು ಚಳ್ಳಕೆರೆಗೆ ಬಂದೆ. ಅಣ್ಣ ಹೊರಗಿನ ಅನ್ನ ಮುಟ್ಟುವುದಿಲ್ಲ, ಅದಕ್ಕೇ ಆ ಮುದ್ದೆಯ ಗಂಟು.

ನಾವು ವಾರ್ಡಿಗೆ ಬಂದಾಗ ಡಾಕ್ಟರಮ್ಮ ಮತ್ತು ಮಾರಕ್ಕ ನನ್ನ ಖಾಲಿ ಮಂಚದ ಎರಡು ಕಡೆ ನಿಂತಿದ್ದರು. ಮಾರಕ್ಕ ಬಾಯಿಗೆ ಬಂದಂತೆ ಬೈದಳು. ಆ ಬೈಗುಳ ಕೇಳಿ ನನಗೆ ಅರ್ಧ ಜೀವ ಬಂತು. ಡಾಕ್ಟರಮ್ಮ ತಮ್ಮ ಪಾಲಿನದನ್ನು ಶುರುಮಾಡಿದ್ದರು. ಅಣ್ಣ ಅದೊಂದನ್ನೂ ಕಿವಿಗೆ ಹಾಕಿಕೊಳ್ಳದೆ ಸೊಂಟದ ಗಂಟು ಬಿಚ್ಚಿ, ಚಿಟಿಕೆ ಬೂದಿ ತೆಗೆದು, ಕಣ್ಣು ಮುಚ್ಚಿ ನನ್ನ ಹಣೆಗೆ ಹಚ್ಚಿದ.

ಡಾಕ್ಟರಮ್ಮ ಬೈಯುವುದನ್ನು ನಿಲ್ಲಿಸಿದರು. "ಅದೇನು?"

"ಬೂದಿ ತಾಯಿ. ರೊಪ್ಪದ ಸಗಣೀದು."

"ಯಾವ ರೊಪ್ಪ?"

"ದೇವರ ಎತ್ತಿಂದು."

"ಅಂದರೆ ದನ? ನಿಮ್ಮ ಮನೆಯ ದನವಾ?"

ಮೂವರೂ ಒಟ್ಟಿಗೆ ಅಲ್ಲ ಎಂದೆವು. ಎಂಥ ಮಾತಾಡುತ್ತಾರೆ ಈಕೆ ಎಂಬಂತೆ ಅಣ್ಣ ಕಿವಿ ಮುಟ್ಟಿಕೊಂಡ. "ನಮ್ದು ಅನ್ನಬಾರ್ದು ತಾಯಿ. ಅಂದ್ರೆ ತಪ್ಪಾಗ್ತದೆ. ಅವು ದೇವರವು. ನಾವು ಕಾಯೋರು."

ಡಾಕ್ಟರಮ್ಮ ನನ್ನ ಮಂಚದ ಅಂಚಿಗೆ ಮೆಲ್ಲನೆ ಕೂತರು. ಅವರು ಮಂಚದ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಸರಿ, ನಿಮ್ಮದಲ್ಲ," ಎಂದರು. "ಇವರು ಆ ದೇವರ ದನದ ಹತ್ತಿರ ಹೋಗ್ತಾರಾ?"

"ಹೋಗ್ತಾರಾ ಅಂದ್ರೆ?" ಅಣ್ಣನ ಮುಖ ಅರಳಿತು. "ಕರು ಹಾಕ್ಸೋದ್ರಾಗೆ ಇವನ ಕೈಯೇ ಕೈ. ಮಾರುಕಟ್ಟೆ ತಣ್ಣಗಾದಾಗೆಲ್ಲ ಬಂದು ಸೇವೆ ಮಾಡ್ತಾನೆ. ಹೋದ ಸಲ ಒಂದು ಹಸ ಬಾಳ ಕಷ್ಟ ಪಡ್ತು. ಇವನೇ ಕೈ ಹಾಕಿ ಎಳೆದ."

"ಕರು?"

"ಸತ್ತೇ ಬಿತ್ತು ತಾಯಿ. ಇನ್ನೂ ದಿನ ತುಂಬಿರಲಿಲ್ಲ. ಕಂದು ಹಾಕ್ತು. ಅದೇ ಕಾಲಕ್ಕೆ ಇನ್ನೂ ಮೂರ್ನಾಕು ಹಂಗೇ ಕಂದು ಹಾಕಿದ್ವು."

ಕಂದು ಹಾಕುವುದೆಂದರೆ ದನಕ್ಕೆ ಗರ್ಭ ನಿಲ್ಲದೆ ಬಿದ್ದುಹೋಗುವುದು. ಅದನ್ನು ಡಾಕ್ಟರಮ್ಮನಿಗೆ ಬಿಡಿಸಿ ಹೇಳಿದವನು ನಾನೇ, ಹೇಳುತ್ತಾ ಹೇಳುತ್ತಾ ಆ ಹೊತ್ತು ಕಣ್ಣಿಗೆ ಬಂತು. ಮಂದೆ ಮೇಯುವ ಕಾವಲಿನ ಸುತ್ತ ಬೇಲಿ ಬಂದ ಮೇಲೆ ಮಂದೆ ಸುತ್ತು ಹಾಕಿ ಹೋಗಬೇಕು. ಹಾಗೆ ಹೋಗುವಾಗ ದಾರಿಯಲ್ಲೇ ಆ ಹಸು ಮಲಗಿತ್ತು. ಈರುಳ್ಳಿ ಚೀಲದ ಹುರಿಯಿಂದ ಬೆರಳೆಲ್ಲ ಸೀಳಿದ್ದ ಬರಿಗೈಯನ್ನು ಮೊಣಕೈವರೆಗೆ ಒಳಗೆ ಹಾಕಿದ್ದೆ. ಕರುವಿನ ಹಿಂದೆ ಗರ್ಭದ ಚೀಲ, ಅಂದರೆ ಮಾಸು, ಬಿದ್ದ ಮೇಲೆ ಅದನ್ನು ಗೋಣಿಯಲ್ಲಿ ಕಟ್ಟಿ, ನಮ್ಮಲ್ಲಿ ಮಾಡುವಂತೆ ಆಲದ ಮರ ಹತ್ತಿ ಕೊಂಬೆಗೆ ನೇತುಹಾಕಿದ್ದೆ. ಇಳಿಯುವಾಗ ಗೋಣಿ ತೊಟ್ಟಿಕ್ಕಿ ಮುಖವೆಲ್ಲ ಒದ್ದೆಯಾಗಿತ್ತು. ಕಂಬಳಿಯಲ್ಲಿ ಒರೆಸಿಕೊಂಡು ಮುದ್ದೆ ಉಂಡಿದ್ದೆ.

ಡಾಕ್ಟರಮ್ಮ ಎದ್ದು ನಿಂತೇ ಲ್ಯಾಬಿಗೆ ಫೋನು ಹಚ್ಚಿದರು. "ಆ ಬಾಟಲಿಗಳನ್ನ ಎಸೆದಿಲ್ಲ ತಾನೆ? ಎಸೀಬೇಡಿ. ಇನ್ನೂ ಇಡಿ. ಮತ್ತೆ, ಮುಚ್ಚಳ ತೆಗೆಯೋರು ಹುಷಾರು, ನಾನೇ ಬರ್ತೀನಿ," ಎನ್ನುತ್ತಾ ಬಾಗಿಲ ಕಡೆ ಹೋದರು. ಹೋದವರು ತಿರುಗಿ ಬಂದು ನನ್ನಣ್ಣನಿಗೆ ಕೈ ಮುಗಿದರು. ಅಣ್ಣನಿಗೆ ಏನೂ ತಿಳಿಯಲಿಲ್ಲ, ತಾನೂ ಮುಗಿದ.

ಮತ್ತೆ ರಕ್ತ ತೆಗೆದರು, ಈ ಸಲ ಬೇರೆ ಪರೀಕ್ಷೆಗೆ. ಮತ್ತೆ ಕಾಯುವುದು. ಆದರೆ ಈಗಿನ ಚಡಪಡಿಕೆಯೇ ಬೇರೆ. ಮೊದಲು ಇಲ್ಲದ ಒಂದು ದಿಕ್ಕು ಅದಕ್ಕೆ ಸಿಕ್ಕಿತ್ತು. ಮೊದಲು ಆ ಪರೀಕ್ಷೆ ಹೌದು ಎಂದಿತು. ಆಮೇಲೆ, ಎಸೆಯಬೇಕಾಗಿದ್ದ ಬಾಟಲಿಗಳಲ್ಲಿ ಒಂದರಲ್ಲಿ ರೋಗಾಣುವೂ ತಲೆಯೆತ್ತಿತು. ಬ್ರುಸೆಲ್ಲಾ ಎಂದು ಹೆಸರು. ಪಶುವೈದ್ಯರು ನಮ್ಮ ಕಡೆ ಕಂದು ರೋಗ ಎನ್ನುತ್ತಾರಲ್ಲ, ಅದೇ. ಮನುಷ್ಯರ ಎದೆಯ ಕವಾಟದಲ್ಲಿ ಅದು ಸಿಗುವುದು ಬಹಳ ಅಪರೂಪವಂತೆ. ಲ್ಯಾಬಿನ ಒಬ್ಬರು ಮೆಟ್ಟಿಲು ಹತ್ತಿ ಬಂದು, "ನೀವೇನಾ ಅವರು? ಒಂದು ಸಲ ನೋಡೋಣ ಅನ್ನಿಸ್ತು," ಎಂದು ನನ್ನ ಕೈ ಕುಲುಕಿ ಹೋದರು. ಅವರು ಆಚೆ ಹೋದ ಮೇಲೆ ನಾನು ಗೋಡೆ ಕಡೆ ತಿರುಗಿ ಅತ್ತೆ. ಕಾಯಿಲೆಗೆ ಒಂದು ಹೆಸರು ಸಿಕ್ಕಿತು ಎಂಬುದಕ್ಕೆ ಯಾರಾದರೂ ಅಳುತ್ತಾರೆಯೇ? ಅಳುತ್ತಾರೆ. ಹೆಸರಿಲ್ಲದೆ ಕಾದವರಿಗೆ ಗೊತ್ತು.

ಅಳು ನಿಂತ ಮೇಲೆ ಸಿಟ್ಟು ಬಂತು. ಸೇವೆ ಮಾಡಲು ಹೋಗಿದ್ದೆ, ಕದಿಯಲು ಹೋಗಿರಲಿಲ್ಲ. ಅದಕ್ಕೆ ದೇವರು ಕೊಟ್ಟದ್ದು ಇದಾ? ಅಣ್ಣನಿಗೆ ಫೋನಿನಲ್ಲಿ ಹಾಗೇ ಅಂದೆ. ಅವನ ಹಿಂದೆ ದನಗಳ ಗಂಟೆ ಕೇಳುತ್ತಿತ್ತು. "ಅದಕ್ಕೂ ನೋವಾಗಿತ್ತಲ್ಲಲೇ, ಪಾಪ," ಎಂದ. ಕಂದು ಹಾಕಿದ ಆ ಹಸುವಿನ ಬಗ್ಗೆ ಅಂದದ್ದು. ನನಗೆ ಮುಂದೆ ಸಿಟ್ಟು ಮಾಡಲು ಆಗಲಿಲ್ಲ.

ಸರಿಯಾದ ಔಷಧ ಶುರುವಾಯಿತು. ಮೊದಲ ದಿನವೇ ಮೂತ್ರ ಕುಂಕುಮದ ನೀರಿನ ಹಾಗೆ ಹೋಯಿತು, ನನ್ನ ಕೂಗಿಗೆ ಅರ್ಧ ವಾರ್ಡು ಎದ್ದು ಬಂತು. ಮಾತ್ರೆಯ ಬಣ್ಣ, ಹೆದರಬೇಡಿ ಎಂದು ನರ್ಸು ನಕ್ಕರು. ಸಂಜೆಯ ಜ್ವರ ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಮಾರಕ್ಕ ನನ್ನ ಅಂಗಿಯನ್ನು ಮೂಗಿಗೆ ಹಿಡಿದು ನೋಡಿ ಮಡಚಿಟ್ಟಳು. ಆದರೆ ಕವಾಟ ಆಗಲೇ ಹರಿದಿತ್ತು. ಅದನ್ನು ತೆಗೆದು ಬೇರೆ ಹಾಕಬೇಕು, ಬೆಂಗಳೂರಿಗೆ ಹೋಗಬೇಕು ಎಂದರು.

ಬೆಂಗಳೂರಿನ ಆಪರೇಷನ್ ಡಾಕ್ಟರು ಎರಡು ಬಗೆಯ ಕವಾಟ ಇವೆ ಎಂದರು. ಲೋಹದ್ದು ಹಾಕಿಸಿಕೊಂಡರೆ ಜೀವನಪೂರ್ತಿ ರಕ್ತ ತೆಳುವಾಗುವ ಮಾತ್ರೆ ತಿನ್ನಬೇಕು, ಮತ್ತೆ ಮತ್ತೆ ರಕ್ತ ಪರೀಕ್ಷೆ. ದಿನಾ ಕೈಕಾಲು ಗಾಯ ಮಾಡಿಕೊಳ್ಳುವ ನನ್ನ ಕೆಲಸಕ್ಕೆ ಅದು ಹೊಂದುವುದು ಕಷ್ಟ. ಇನ್ನೊಂದರಲ್ಲಿ ಆ ತೊಂದರೆ ಕಡಿಮೆ, ನಿಮ್ಮ ವಯಸ್ಸಿಗೂ ನಡೆಯುತ್ತದೆ. "ಆದರೆ ಒಂದು ವಿಷಯ ಹೇಳಿಬಿಡ್ತೀನಿ," ಎಂದರು. "ಅದನ್ನ ಮಾಡಿರೋದು ದನದ ಹೃದಯದ ಸುತ್ತ ಇರೋ ಪೊರೆಯಿಂದ. ಕೆಲವರು ಬೇಡ ಅಂತಾರೆ. ಯೋಚನೆ ಮಾಡಿ ಹೇಳಿ."

ಮಾರಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನನ್ನಣ್ಣ ಕಿಲಾರಿ, ನನ್ನಪ್ಪ ಕಿಲಾರಿ. ಸತ್ತ ದೇವರ ಎತ್ತನ್ನು ನಾವು ಹೆಗಲ ಮೇಲೆ ಹೊತ್ತು, ವಾದ್ಯ ಬಾರಿಸಿ ಮಣ್ಣು ಮಾಡುವವರು. ಹೊರಗೆ ಬಂದು ಅಣ್ಣನಿಗೆ ಫೋನು ಮಾಡಿದೆ. ಅವನು ಎತ್ತಲಿಲ್ಲ. ಮಂದೆ ಕಣಿವೆಗಿಳಿದರೆ ಫೋನು ಸತ್ತಂತೆ. ಆ ಮಧ್ಯಾಹ್ನ ನಾನು ವರಾಂಡದಲ್ಲಿ ಹಾಕಿದಷ್ಟು ಸುತ್ತು ಯಾವ ಕಾಯಿಲೆಯವನೂ ಹಾಕಿರಲಾರ. ಕೂತ್ಕೊಳ್ರಿ ಎಂದು ಮಾರಕ್ಕ ಅಂದಳು, ಆಮೇಲೆ ತಾನೇ ಎದ್ದು ನನ್ನ ಜೊತೆ ಸುತ್ತತೊಡಗಿದಳು. ಬಿಸಿಲು ಇಳಿಯುವಾಗ ಅಣ್ಣನೇ ಫೋನು ಮಾಡಿದ. ಎಲ್ಲ ಹೇಳಿದೆ.

"ಕೊಂದು ತೆಗೆದಿದ್ದೋ, ಸತ್ತ ಮ್ಯಾಲೆ ತೆಗೆದಿದ್ದೋ?" ಎಂದು ಕೇಳಿದ.

"ಗೊತ್ತಿಲ್ಲಣ್ಣ. ಕೇಳಾಕೆ ಧೈರ್ಯ ಆಗ್ಲಿಲ್ಲ."

ಅಣ್ಣ ಬೇಡ ಎನ್ನುತ್ತಾನೆ ಎಂದುಕೊಂಡೆ. ಅವನು ಬೇಡ ಎಂದಿದ್ದರೆ ನಾನು ಹಾಕಿಸಿಕೊಳ್ಳುತ್ತಿರಲಿಲ್ಲ, ಇದರಲ್ಲಿ ಸುಳ್ಳು ಹೇಳಲಾರೆ.

"ಆಗಿದ್ದು ಆಗೋತು," ಎಂದ. "ಆ ಹಸ ತನ್ನ ಎದೇನೇ ಕೊಟ್ಟೈತೆ. ಇಸ್ಕಳಾಕೆ ಬ್ಯಾಡ ಅನ್ನಾಕೆ ನೀನು ಯಾವೋನಲೇ? ಕೈ ಮುಗುದು ಇಸ್ಕ. ಚೆನ್ನಾಗಿ ನೋಡ್ಕ."

ಆಪರೇಷನ್ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಕಣ್ಣು ಬಿಟ್ಟಾಗ ಬಾಯಲ್ಲಿ ನಳಿಗೆಯಿತ್ತು, ಎದೆ ಸೀಳಿದ ಕಡೆ ಬೆಂಕಿ. ನನ್ನ ಕಾಲು ಹೊದಿಕೆಯೊಳಗೆ ಕುಣಿಯುತ್ತಿದ್ದುದನ್ನು ಕಂಡು ಮಾರಕ್ಕ, "ಬದುಕಿದ್ದಾರೆ ಬಿಡಿ," ಎಂದಳಂತೆ.

ತಿಂಗಳುಗಟ್ಟಲೆ ಮಾತ್ರೆ ನುಂಗಿದೆ. ಆ ನಡುವೆ ಡಾಕ್ಟರಮ್ಮನ ಮಾತಿಗೆ ಅಣ್ಣನೂ ರಕ್ತ ಕೊಟ್ಟ. ವರ್ಷಗಳಿಂದ ಬಿಸಿಲ ಜ್ವರ, ಕೀಲು ನೋವು ಎಂದು ಅವನು ಕಂಬಳಿ ಹೊದ್ದು ಮಲಗುತ್ತಿದ್ದದ್ದೂ ಅದೇ ಎಂದು ಗೊತ್ತಾಯಿತು. ಅವನೂ ಮಾತ್ರೆ ತಿಂದ. ದೇವರ ಎತ್ತಿಗೆ ರೋಗ ಅನ್ನುವುದು ಹೇಗೆ ಎಂದು ಹಟ್ಟಿಯ ಹಿರಿಯರು ಎರಡು ಸಲ ಕೂತು ಜಗಳಾಡಿದರು. ಕೊನೆಗೆ ಪಶುವೈದ್ಯರು ಚಪ್ಪಲಿ ಹೊರಗೆ ಬಿಟ್ಟು, ಪೂಜೆಯಾದ ಮೇಲೆ ರೊಪ್ಪದೊಳಗೆ ಬಂದು ರಕ್ತ ತೆಗೆದರು. ರೋಗ ಕಂಡ ಹಸುಗಳಿಗೆ ಬೇರೆ ರೊಪ್ಪವಾಯಿತು. ಈಗ ಕರು ಹಾಕಿಸುವವರು ಕೈಗವಸು ಹಾಕುತ್ತಾರೆ, ಮಾಸು ಮರ ಹತ್ತುವುದಿಲ್ಲ, ಸುಣ್ಣ ಹಾಕಿ ಆಳಕ್ಕೆ ಹೂಳುತ್ತಾರೆ. ಅಣ್ಣ ಮೊದಲ ಸಲ ಆ ಕೈಗವಸು ಹಾಕಿದಾಗ ದೇವರಿಗೆ ತೋರಿಸಿ ಅಪ್ಪಣೆ ಕೇಳಿದನಂತೆ.

ನಾನು ಮತ್ತೆ ಆಟೋ ಹತ್ತಿದ್ದೇನೆ. ಚೀಲ ಎತ್ತುವುದಿಲ್ಲ, ಎತ್ತುವವರಿಗೆ ಹೇಗೆ ಎತ್ತಬೇಕೆಂದು ಹೇಳಿ ಬೈಸಿಕೊಳ್ಳುತ್ತೇನೆ. ತಪಾಸಣೆಗೆ ದಾವಣಗೆರೆಗೆ ಹೋಗುತ್ತಿರಬೇಕು. ಹೋದ ಸಲ ಹೋದಾಗ ನಮ್ಮ ಡಾಕ್ಟರಮ್ಮ ಇರಲಿಲ್ಲ. ಹೊಸಬರೊಬ್ಬರು, ಇನ್ನೂ ಚಿಕ್ಕವರು, ನನ್ನನ್ನು ಕೂರಿಸಿಕೊಂಡು ಮೊದಲಿನಿಂದ ಎಲ್ಲ ಕೇಳಿ ಬರೆದುಕೊಳ್ಳುತ್ತಿದ್ದರು. ನನ್ನ ಕಾಲು ಕುಣಿಯುತ್ತಿತ್ತು, ಮಾರಕ್ಕ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದಿದ್ದಳು.

"ಮನೆಯಲ್ಲಿ ದನ ಇದೆಯಾ?" ಎಂದು ಕೇಳಿದರು.

ನನ್ನ ಕಾಲು ನಿಂತಿತು. ಮಾರಕ್ಕ ನನ್ನ ಕಡೆ ತಿರುಗಿದಳು.

"ಐತೆ ಸಾರ್," ಎಂದೆ.

"ಎಲ್ಲಿ ಕಟ್ಟಿದೀರಾ?"

"ಇಲ್ಲಿ," ಎಂದು ಎದೆಯ ಮೇಲೆ ಕೈಯಿಟ್ಟೆ. "ನಮ್ದಲ್ಲ ಸಾರ್. ನಾವು ಕಾಯೋರು."

ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು.